ಭಾಷಣ ಕ್ಲಬ್ಬಿನ ಸಭೆ ಎಲ್ಲಿ ಕೆಡುತ್ತದೆ: ದೋಷ ಪತ್ತೆ ಮತ್ತು ದುರಸ್ತಿ

ಜನರೆದುರು ಮಾತಾಡುವುದನ್ನು ಕಲಿಯಲು ಸೇರುವ ಭಾಷಣ ಕ್ಲಬ್ಬೊಂದರ ಸಭೆ. ಭಾನುವಾರ ಬೆಳಿಗ್ಗೆ 10ಕ್ಕೆ ಶುರುವಾದದ್ದು 11.30ಕ್ಕೆ ಮುಗಿಯಬೇಕು. 11.50 ಆದರೂ ಭಾಷಣಗಳ ಗುಣದೋಷ ಹೇಳುವ ಮೌಲ್ಯಮಾಪಕರ ಮಾತು ನಿಂತಿಲ್ಲ. ಬಾಗಿಲಲ್ಲಿ ವಾಚ್‌ಮನ್ ಕೀ ಗೊಂಚಲು ಅಲ್ಲಾಡಿಸುತ್ತಿದ್ದಾರೆ, ಹೊಸದಾಗಿ ಬಂದಿದ್ದ ಇಬ್ಬರು ಅತಿಥಿಗಳು ಆಗಲೇ ಎದ್ದು ಹೋಗಿದ್ದಾರೆ. ಮುಂದಿನ ಸಮಿತಿ ಸಭೆಯಲ್ಲಿ ಬೈಸಿಕೊಳ್ಳುವವರು ಪಾಪ, ಭಾಷಣ ಮಾಡಿದವರು. ಹೊತ್ತಿನ ಲೆಕ್ಕ ಇಡುವ ಟೈಮರ್ ಹಾಳೆ ತೆಗೆದು ನೋಡಿದರೆ ಮೂರೂ ಭಾಷಣ ಏಳೂವರೆ ನಿಮಿಷದೊಳಗೇ ಮುಗಿದಿರುತ್ತವೆ. ಇಂಥ ಸಭೆಗಳಲ್ಲಿ ದೋಷ ಕಾಣಿಸಿಕೊಳ್ಳುವುದು ಭಾನುವಾರ, ಹುಟ್ಟಿರುವುದು ಅದರ ಹಿಂದಿನ ಬುಧವಾರ ಅಥವಾ ಗುರುವಾರ, ತಯಾರಿಯ ಹೊತ್ತಿಗೆ.

ಹಾಗಾಗಿ ದುರಸ್ತಿಗೆ ಕೈಹಾಕುವ ಮೊದಲು ಮೂರು ಹಾಳೆ ಕೈಯಲ್ಲಿರಲಿ: ಟೈಮರ್ ಬರೆದ ಸಮಯದ ಪಟ್ಟಿ, ಯಾವ ಪಾತ್ರ (ನಿರೂಪಕ, ಟೈಮರ್, ಮೌಲ್ಯಮಾಪಕ ಇಂಥ ಜವಾಬ್ದಾರಿ) ಯಾರಿಗೆ ಎಂಬ ಹಾಳೆ, ಮತ್ತು ಯಾರು ಎಷ್ಟು ಗಂಟೆಗೆ ಒಳಗೆ ಬಂದರು ಎಂಬ ಗೀಟು ಲೆಕ್ಕ. ಮೂರನೆಯದನ್ನು ಹೆಚ್ಚಿನ ಕ್ಲಬ್ಬುಗಳು ಇಡುವುದೇ ಇಲ್ಲ. ಬಾಗಿಲ ಬಳಿ ಕೂತವರು ಐದೈದು ನಿಮಿಷಕ್ಕೆ ಒಂದು ಸಾಲು ಹಾಕಿಕೊಂಡು, ಒಬ್ಬರು ಬಂದರೆ ಒಂದು ಗೀಟು ಎಳೆದರೆ ಸಾಕು. ಮೂರು ಸಭೆಯ ಲೆಕ್ಕ ಕೂಡಿದ ಮೇಲೆ ಮಾತ್ರ ತೀರ್ಮಾನಕ್ಕೆ ಬನ್ನಿ, ಮತ್ತು ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಸಮಯ, ಜಾಗ, ಮೈಕು ಮೂರನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಹೋಯಿತು ಎಂದು ತಿಳಿಯುವುದಿಲ್ಲ.

ಸಭೆ ಹೊತ್ತು ಮೀರುತ್ತದೆ

ಇಲ್ಲಿ ಬಳಸಿರುವ ಕಾಲಮಿತಿಗಳು ಟೋಸ್ಟ್‌ಮಾಸ್ಟರ್ಸ್ ಪದ್ಧತಿಯವು. 1924ರಲ್ಲಿ ಕ್ಯಾಲಿಫೋರ್ನಿಯಾದ ಸಾಂತಾ ಆನಾದಲ್ಲಿ ರಾಲ್ಫ್ ಸ್ಮೆಡ್ಲಿ ಹುಟ್ಟುಹಾಕಿದ ಈ ಕೂಟದ ಕ್ರಮವನ್ನೇ ಬೆಂಗಳೂರಿನ ಬಹಳಷ್ಟು ಭಾಷಣ ಕ್ಲಬ್ಬುಗಳು ಹೆಚ್ಚುಕಮ್ಮಿ ಅನುಸರಿಸುತ್ತವೆ. ಸಿದ್ಧಪಡಿಸಿದ ಭಾಷಣಕ್ಕೆ 5ರಿಂದ 7 ನಿಮಿಷ, ಆಶುಭಾಷಣಕ್ಕೆ (ಅಲ್ಲೇ ಕೇಳಿದ ಪ್ರಶ್ನೆಗೆ ಸಿದ್ಧತೆಯಿಲ್ಲದೆ ಮಾತಾಡುವುದಕ್ಕೆ) 1ರಿಂದ 2, ಮೌಲ್ಯಮಾಪನಕ್ಕೆ 2ರಿಂದ 3. ಪ್ರತಿಯೊಂದಕ್ಕೂ ಮೇಲೆ ಅರ್ಧ ನಿಮಿಷ ರಿಯಾಯಿತಿ.

ಮೂರು ಭಾಷಣ, ಆರು ಆಶುಭಾಷಣ ಇರುವ 90 ನಿಮಿಷದ ಸಭೆಯನ್ನು ಕಾಗದದ ಮೇಲೆ ಕೂಡಿ ನೋಡಿ. ಸ್ವಾಗತ, ಅಧ್ಯಕ್ಷರ ಮಾತು, ನಿರೂಪಕರ ಪೀಠಿಕೆ, ಟೈಮರ್ ಮುಂತಾದವರ ಪರಿಚಯಕ್ಕೆ 14 ನಿಮಿಷ. ಭಾಷಣಗಳಿಗೆ ರಿಯಾಯಿತಿ ಸೇರಿ ಇಪ್ಪತ್ತೆರಡೂವರೆ. ಅವುಗಳ ಪರಿಚಯಕ್ಕೆ 3, ಸಭಿಕರು ಚೀಟಿಯಲ್ಲಿ ಅಭಿಪ್ರಾಯ ಬರೆಯಲು 3. ಆಶುಭಾಷಣ 15. ಮೌಲ್ಯಮಾಪನ ಹತ್ತೂವರೆ, ಇಡೀ ಸಭೆಯ ಗುಣದೋಷ ಹೇಳುವ ಒಟ್ಟಾರೆ ಮೌಲ್ಯಮಾಪಕರಿಗೆ 5. ಟೈಮರ್, ಆ-ಕೌಂಟರ್ (ಮಾತಿನ ನಡುವೆ ಸುಮ್ಮನೆ ಬರುವ "ಆ"ಗಳನ್ನು ಎಣಿಸುವವರು), ಭಾಷಾವೀಕ್ಷಕರು (ಭಾಷೆಯ ಬಳಕೆ ಗಮನಿಸುವವರು) ಕೊಡುವ ಮೂರು ವರದಿಗೆ ನಾಲ್ಕೂವರೆ, ಬಹುಮಾನಕ್ಕೆ 3, ಮುಕ್ತಾಯಕ್ಕೆ 5. ಒಟ್ಟು ಎಂಬತ್ತೈದೂವರೆ. ಆಹಾ, ನಾಲ್ಕೂವರೆ ನಿಮಿಷ ಉಳಿಯಿತು ಎನಿಸುತ್ತದೆ.

ಆದರೆ ಈ ಕಾರ್ಯಕ್ರಮದಲ್ಲಿ ಕುರ್ಚಿಯಿಂದ ಎದ್ದು ಮುಂದೆ ಬರುವವರು ಎಷ್ಟು ಸಲ ಬರುತ್ತಾರೆ ಎಣಿಸಿ. ಭಾಷಣಕ್ಕೆ 3, ಆಶುಭಾಷಣಕ್ಕೆ 6, ಮೌಲ್ಯಮಾಪನಕ್ಕೆ 3, ವರದಿ ಕೊಡುವ ಮೂವರು ಎರಡೆರಡು ಸಲ ಎಂದರೆ 6, ಸಭೆ ನಡೆಸುವವರು 4. ಒಟ್ಟು 22 ಸಲ. ಹೆಸರು ಕರೆಯುವುದು, ಚಪ್ಪಾಳೆ, ಕುರ್ಚಿಗಳ ಸಂದಿಯಲ್ಲಿ ದಾರಿ ಮಾಡಿಕೊಂಡು ಬರುವುದು, ಕೈಕುಲುಕುವುದು ಸೇರಿ ಒಂದಕ್ಕೆ ಅರ್ಧ ನಿಮಿಷ. ಅಲ್ಲಿಗೆ 11 ನಿಮಿಷ. ಎಲ್ಲರೂ ಗಡಿಯಾರದಂತೆ ನಡೆದುಕೊಂಡರೂ ಈ ಸಭೆ ಆರೂವರೆ ನಿಮಿಷ ಮೀರಿಯೇ ಮೀರುತ್ತದೆ. ಯಾರನ್ನೂ ಬೈದು ಪ್ರಯೋಜನವಿಲ್ಲ. ಕಾರ್ಯಕ್ರಮ ಪಟ್ಟಿಯೇ ತಪ್ಪು.

ದುರಸ್ತಿ ಎರಡು ಬಗೆ. ಒಂದು ಭಾಷಣವನ್ನೂ ಅದರ ಮೌಲ್ಯಮಾಪನವನ್ನೂ ಕೈಬಿಟ್ಟರೆ ಪರಿಚಯ, ಓಡಾಟ ಎಲ್ಲ ಸೇರಿ 14 ನಿಮಿಷ ಉಳಿಯುತ್ತದೆ. ಎರಡು ಆಶುಭಾಷಣ ಬಿಟ್ಟರೆ 6 ನಿಮಿಷ. ಸಾಮಾನ್ಯ ದಿನಕ್ಕೆ ಎರಡನೆಯದೇ ವಾಸಿ, ಏಕೆಂದರೆ ಭಾಷಣ ಸಿದ್ಧ ಮಾಡಿಕೊಂಡು ಬಂದವರನ್ನು ವಾಪಸ್ ಕಳಿಸಿದರೆ ಅವರು ಮುಂದಿನ ತಿಂಗಳೂ ಬರುವುದಿಲ್ಲ. ಜೊತೆಗೆ ಮುಂದೆ ಬರುವವರನ್ನೆಲ್ಲ ನಡುದಾರಿಯ ಅಂಚಿನ ಕುರ್ಚಿಗಳಲ್ಲಿ ಕೂರಿಸಿ. ವರದಿಗಾರರು ಕೂತಲ್ಲೇ ಎದ್ದು ನಿಂತು ಪರಿಚಯ ಹೇಳಲಿ.

ಇನ್ನೊಂದು ಸೋರಿಕೆ ನಮ್ಮದೇ ಸಭಾಸಂಪ್ರದಾಯದ್ದು. ಪ್ರಾರ್ಥನೆ, ದೀಪ, ಹಾರ, ಶಾಲು, ನೆನಪಿನ ಕಾಣಿಕೆ, "ವೇದಿಕೆಯ ಮೇಲೆ ಆಸೀನರಾಗಿರುವ ಗಣ್ಯರೇ" ಎಂದು ಶುರುವಾಗುವ ಸಂಬೋಧನೆ, ಕೊನೆಗೆ ಬೆಳಕು-ಧ್ವನಿಯವರನ್ನೂ ಬಿಡದ ವಂದನಾರ್ಪಣೆ. ರಾಜ್ಯೋತ್ಸವದ ಕಾರ್ಯಕ್ರಮಕ್ಕೆ ಇವೆಲ್ಲ ಶೋಭೆ. ಕಲಿಕೆಯ ಸಭೆಯಲ್ಲಿ ಪ್ರತಿ ಭಾಷಣಕಾರರೂ ನಾಲ್ಕು ಜನರ ಹೆಸರು ಹಿಡಿದು ವಂದಿಸಿದರೆ ತಲಾ ಅರ್ಧ ನಿಮಿಷ ಹೋಯಿತು, ಅದೂ ಅವರದೇ ಏಳು ನಿಮಿಷದಿಂದ. "ನಿರೂಪಕರೇ, ಗೆಳೆಯರೇ" ಸಾಕು ಎಂದು ಮೊದಲೇ ಹೇಳಿಬಿಡಿ.

ಇಷ್ಟಾದ ಮೇಲೂ ಭಾಷಣಗಳೇ ಉದ್ದವಾಗುತ್ತಿದ್ದರೆ ಎರಡು ತಪಾಸಣೆ. ಮೊದಲು ಟೈಮರ್ ಕೂತಿರುವ ಜಾಗ ನೋಡಿ. ಪಕ್ಕದ ಗೋಡೆಗೆ ಕೂತಿದ್ದರೆ ಭಾಷಣಕಾರರ ಕಣ್ಣಿಗೆ ಬೀಳುವುದಿಲ್ಲ. ಪ್ರೊಜೆಕ್ಟರ್ ಬೆಳಕಿನ ಹಿಂದೆ ಕೂತಿದ್ದರೆ ಎಷ್ಟು ನಿಮಿಷವಾಯಿತು ಎಂದು ಅವರು ತೋರಿಸುವ ಕಾರ್ಡಿನ ಬಣ್ಣ ಗೊತ್ತಾಗುವುದಿಲ್ಲ. ಹಿಂದಿನ ಸಾಲಿನ ನಡುವೆ ಕೂರಿಸಿ. ಎ4 ಅಳತೆಯ ಹಸಿರು, ಹಳದಿ, ಕೆಂಪು ಕಾರ್ಡಿನ ಮೇಲೆ ದಪ್ಪ ಅಕ್ಷರದಲ್ಲಿ 5, 6, 7 ಎಂದು ಬರೆಯಿರಿ. ಕೆಂಪು-ಹಸಿರು ಬೇರೆ ಮಾಡಿ ನೋಡಲಾಗದವರು ಪ್ರತಿ ಕ್ಲಬ್ಬಿನಲ್ಲೂ ಇರಬಹುದು, ಅವರು ಹೇಳಿಕೊಳ್ಳುವುದಿಲ್ಲ. ಟ್ಯೂಬ್‌ಲೈಟ್ ಮಂಕಾದರೆ ಹಳದಿ ಕಾರ್ಡು ಬಿಳಿಯಾಗಿ ಕಾಣುವುದೂ ಉಂಟು. ಕೆಂಪು ಕಾರ್ಡನ್ನು ಭಾಷಣ ಮುಗಿಯುವ ತನಕ ಕೆಳಗಿಳಿಸಬಾರದು.

ಎರಡನೆಯದು ಬರಹದ ಉದ್ದ. ಇಂಗ್ಲಿಷಿನಲ್ಲಿ ನಿಮಿಷಕ್ಕೆ 120ರಿಂದ 150 ಪದ ಎಂಬ ಲೆಕ್ಕವನ್ನು ನೆಚ್ಚಿಕೊಂಡು ಕನ್ನಡದಲ್ಲಿ ಸಾವಿರ ಪದ ಬರೆದು ತಂದವರು ಏಳು ನಿಮಿಷದಲ್ಲಿ ಮುಗಿಸಲಾರರು. "ಹೋಗಬೇಕಾಗಿದ್ದುದರಿಂದ" ನಮಗೆ ಒಂದೇ ಪದ. ತಾವು ಬರೆದದ್ದನ್ನು ಗಟ್ಟಿಯಾಗಿ ಒಂದು ನಿಮಿಷ ಓದಿ, ಎಷ್ಟು ಪದವಾಯಿತು ಎಣಿಸಿ, ಅದನ್ನು ಆರರಿಂದ ಗುಣಿಸಲಿ. ಏಳರಿಂದ ಬೇಡ. ನಗು, ಚಪ್ಪಾಳೆ, ಮರೆತು ನಿಲ್ಲುವುದಕ್ಕೆ ಒಂದು ನಿಮಿಷ ಬೇಕು.

ಶುರುವಾಗುವುದೇ ತಡ

ಗೀಟು ಲೆಕ್ಕ ಇಲ್ಲಿ ಕೆಲಸಕ್ಕೆ ಬರುತ್ತದೆ. 10ರ ಸಭೆಗೆ ಬಹುಪಾಲು ಗೀಟು 10.15ರಿಂದ 10.20ರ ನಡುವೆ ಗುಂಪಾಗಿದ್ದರೆ ಅದು ರೂಢಿ. ನೀವು 10.20ಕ್ಕೆ ಶುರು ಮಾಡುತ್ತೀರಿ ಎಂದು ಜನ ಕಲಿತಿದ್ದಾರೆ. ಎಂಟು ಜನರಿದ್ದರೂ 10ಕ್ಕೆ ಸರಿಯಾಗಿ ಶುರು ಮಾಡಿ, ತಡವಾಗಿ ಬಂದವರಿಗಾಗಿ ಹೇಳಿದ್ದನ್ನೇ ಮತ್ತೆ ಹೇಳಬೇಡಿ. ಮೊದಲ ಹತ್ತು ನಿಮಿಷಕ್ಕೆ ತಪ್ಪಿಸಿಕೊಂಡರೆ ನಷ್ಟವೆನಿಸುವಂಥದ್ದೇನಾದರೂ ಇಡಿ. ಅಂದಿನ ಆಶುಭಾಷಣದ ಸರದಿ ಚೀಟಿ ಎತ್ತುವುದು ಅಂಥ ಒಂದು ಉಪಾಯ. ಮೂರನೆಯ ಸಭೆಯ ಹೊತ್ತಿಗೆ ಗೀಟುಗಳ ಗುಂಪು 10ರ ಕಡೆಗೆ ಸರಿಯುತ್ತದೆ.

ಗೀಟುಗಳು 9.50ರಿಂದ 10.40ರ ತನಕ ಚದುರಿಕೊಂಡಿದ್ದರೆ ಕಾರಣ ದಾರಿ. ಎಲ್ಲಿಂದ ಬರುತ್ತಾರೆ ಕೇಳಿ. ವಾರದ ನಡುವೆ ಸಂಜೆ ಆರೂವರೆಗೆ ಬಸವನಗುಡಿಯಲ್ಲಿ ಸಭೆ ಇಟ್ಟು, ವೈಟ್‌ಫೀಲ್ಡ್‌ನ ಸದಸ್ಯರು ಯಾಕೆ ಬರಲಿಲ್ಲ ಎಂದು ಕೇಳುವುದರಲ್ಲಿ ಅರ್ಥವಿಲ್ಲ. ಸಿಲ್ಕ್ ಬೋರ್ಡ್ ದಾಟಿ ಬರಬೇಕಾದವರಿಗೆ ನಕ್ಷೆ ತೋರಿಸುವ ಸಮಯವೂ ನಂಬಿಕೆಯದ್ದಲ್ಲ. ಮೆಟ್ರೋ ನಿಲ್ದಾಣದಿಂದ ಹತ್ತು ನಿಮಿಷ ನಡಿಗೆಯೊಳಗಿನ ಹಾಲ್ ಹಿಡಿಯಿರಿ. ಭಾನುವಾರ ಮೆಟ್ರೋ ಶುರುವಾಗುವುದು ಬೆಳಿಗ್ಗೆ 7ಕ್ಕೆ. ಎಂಟರ ಸಭೆ ಇಡುವ ಉತ್ಸಾಹಿಗಳು ಇದನ್ನು ಗಮನಿಸಬೇಕು.

ಪಾತ್ರ ಒಪ್ಪಿಕೊಂಡವರು ಬರುವುದಿಲ್ಲ

ವಾಟ್ಸಾಪ್ ಗುಂಪಿನಲ್ಲಿ ಹೆಸರು ಹಾಕಿದ ಪಟ್ಟಿಗೆ ಹೆಬ್ಬೆರಳು ಬಿದ್ದರೆ ಒಪ್ಪಿಗೆ ಸಿಕ್ಕಿತು ಎಂದುಕೊಳ್ಳುವುದು ಈ ದೋಷದ ಮೂಲ. ಭಾನುವಾರದ ಸಭೆಗೆ ಸೋಮವಾರ ಪಟ್ಟಿ, ಗುರುವಾರ ಸಂಜೆ ಒಬ್ಬೊಬ್ಬರಿಗೂ ಫೋನ್. ಮೆಸೇಜ್ ಸಾಲದು, ಧ್ವನಿಯಲ್ಲೇ ಗೊತ್ತಾಗುತ್ತದೆ. "ನೋಡ್ತೀನಿ ಸರ್, ಟ್ರೈ ಮಾಡ್ತೀನಿ" ಎಂಬ ಉತ್ತರವನ್ನು "ಇಲ್ಲ" ಎಂದೇ ಬರೆದುಕೊಂಡು ಬದಲಿ ಹುಡುಕಿ. ಇನ್ನೂ ಎರಡು ದಿನ ಕೈಯಲ್ಲಿರುತ್ತದೆ.

ಸಭೆಯ ದಿನವೇ ಕೈಕೊಟ್ಟರೆ ಯಾವ ಪಾತ್ರಗಳನ್ನು ಜೋಡಿಸಬಹುದು? ಆ-ಕೌಂಟರ್ ಮತ್ತು ಭಾಷಾವೀಕ್ಷಕರ ಕೆಲಸ ಒಬ್ಬರೇ ಮಾಡಬಹುದು, ಇಬ್ಬರೂ ಕಿವಿಯಿಂದಲೇ ದುಡಿಯುವವರು. ಟೈಮರ್‌ಗೆ ಬೇರೆ ಏನೂ ಕೊಡಬೇಡಿ. ನಿರೂಪಕರೇ ಆಶುಭಾಷಣ ನಡೆಸಲಿ, ತೊಂದರೆಯಿಲ್ಲ. ನಿರೂಪಕರೇ ಒಟ್ಟಾರೆ ಮೌಲ್ಯಮಾಪಕರಾಗುವುದು ಮಾತ್ರ ತನ್ನ ಅಡುಗೆಗೆ ತಾನೇ ಶಹಬ್ಬಾಸ್ ಹೇಳಿಕೊಂಡಂತೆ. ಭಾಷಣಕಾರರೇ ಬಾರದಿದ್ದರೆ ಆ ಜಾಗಕ್ಕೆ ಬೇರೆಯವರನ್ನು ಎಳೆತರಬೇಡಿ, ಎರಡು ಆಶುಭಾಷಣ ಹೆಚ್ಚಿಸಿ.

ಮೈಕು ಕೂಗುತ್ತದೆ, ಅಥವಾ ಕೇಳಿಸುವುದೇ ಇಲ್ಲ

ಮೊದಲ ಪ್ರಶ್ನೆ, ಮೈಕು ಬೇಕೇ? ಇಪ್ಪತ್ತಕ್ಕೆ ಮೂವತ್ತು ಅಡಿಯ ಕೋಣೆಯಲ್ಲಿ 25 ಜನರಿದ್ದರೆ ಬೇಡ. ಗಂಟಲು ತೆರೆದು ಹಿಂದಿನ ಸಾಲಿಗೆ ಮುಟ್ಟಿಸುವುದನ್ನು ಕಲಿಯಲೆಂದೇ ಜನ ಬಂದಿರುತ್ತಾರೆ. ಫ್ಯಾನ್ ಸದ್ದು ಜೋರಾಗಿದ್ದರೆ ಮಾತಾಡುವ ಜಾಗದ ಮೇಲಿನ ಒಂದನ್ನು ಆರಿಸಿ ನೋಡಿ.

ಮೈಕು ಬೇಕೇ ಬೇಕು ಎಂದಾದರೆ, "ಕುಂಯ್" ಎಂಬ ಕೂಗು ಮತ್ತು "ಕೇಳಿಸ್ತಿಲ್ಲ" ಎಂಬ ದೂರು ಬಹುಪಾಲು ಒಂದೇ ರೋಗದ ಎರಡು ಮುಖ. ಭಾಷಣಕಾರರು ಮೈಕನ್ನು ಎದೆಯ ಹತ್ತಿರ ಹಿಡಿಯುತ್ತಾರೆ. ಬಾಯಿಂದ ಮೈಕಿನ ದೂರ ಇಮ್ಮಡಿಯಾದರೆ ಧ್ವನಿಯ ಮಟ್ಟ ಸುಮಾರು 6 ಡೆಸಿಬಲ್ ಇಳಿಯುತ್ತದೆ. ಹಿಂದಿನಿಂದ ಯಾರೋ ಕೇಳಿಸ್ತಿಲ್ಲ ಎನ್ನುತ್ತಾರೆ, ಆಂಪ್ಲಿಫೈಯರ್ ಬಳಿ ಇರುವವರು ವಾಲ್ಯೂಮ್ ಏರಿಸುತ್ತಾರೆ. ಈಗ ಸ್ಪೀಕರ್ ಬಾಕ್ಸಿನ ಸದ್ದು ಮತ್ತೆ ಮೈಕಿನೊಳಗೆ ಹೊಕ್ಕು, ಹಿಗ್ಗಿ, ಬಾಕ್ಸಿಗೆ ಬಂದು, ಮತ್ತೆ ಮೈಕಿಗೆ ಹೋಗಿ ಕೂಗುತ್ತದೆ. ಆದ್ದರಿಂದ ಈ ಕ್ರಮದಲ್ಲಿ ನೋಡಿ:

1. ಬಾಕ್ಸುಗಳು ಭಾಷಣಕಾರರಿಗಿಂತ ನಾಲ್ಕೈದು ಅಡಿ ಮುಂದೆ, ಮುಖ ಸಭಿಕರ ಕಡೆಗೆ ಇವೆಯೇ? ಹಿಂದಿನ ಗೋಡೆಗೆ ಒರಗಿಸಿದ್ದರೆ ಮಿಕ್ಕ ಯಾವ ಉಪಾಯವೂ ನಡೆಯದು.
2. ಮೈಕು ಬಾಯಿಂದ ನಾಲ್ಕು ಬೆರಳು ದೂರದಲ್ಲಿದೆಯೇ?
3. ಕೈ ಜಾಲರಿಯನ್ನು ಮುಚ್ಚಿದೆಯೇ? ಆರ್ಕೆಸ್ಟ್ರಾ ಗಾಯಕರಂತೆ ತಲೆಭಾಗ ಹಿಡಿದರೆ ಮುಂದಿನ ಧ್ವನಿಯನ್ನಷ್ಟೇ ಹಿಡಿಯಬೇಕಾದ ಮೈಕು ಎಲ್ಲ ಕಡೆಯಿಂದಲೂ ಹಿಡಿಯತೊಡಗುತ್ತದೆ.
4. ಜನ ಬರುವ ಮುಂಚೆ ವಾಲ್ಯೂಮ್ ಏರಿಸುತ್ತ ಹೋಗಿ ಕೂಗು ಶುರುವಾಗುವ ಜಾಗ ಗುರುತಿಸಿ, ಅಲ್ಲಿಂದ ಸ್ವಲ್ಪ ಇಳಿಸಿ ಪೆನ್ನಿನಿಂದ ಗೀಟು ಹಾಕಿ. ಆಮೇಲೆ ಯಾರೂ ಆ ಗೀಟು ದಾಟಬಾರದು.

"ಪ", "ಫ", "ಭ" ಬಂದಾಗಲೆಲ್ಲ ಢಬ್ ಎಂದರೆ ಮೈಕನ್ನು ಬಾಯಿಯ ನೇರದಿಂದ ತುಸು ಪಕ್ಕಕ್ಕೆ ಸರಿಸಿ. ಒಂದೇ ಸಮ ಗುಂಯ್‌ಗುಡುತ್ತಿದ್ದರೆ ಆಡಿಯೋ ವೈರ್ ಸಿಕ್ಕಿಸಿದ ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ನೋಡಿ. ನಿಂತರೆ ದೋಷ ಅರ್ಥಿಂಗ್ ಕಡೆಯದು. ಸಭೆ ಮುಗಿಯುವವರೆಗೆ ಬ್ಯಾಟರಿಯಲ್ಲೇ ಓಡಿಸಿ, ಅಥವಾ ಲ್ಯಾಪ್‌ಟಾಪು, ಆಂಪ್ಲಿಫೈಯರ್ ಎರಡಕ್ಕೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿನಿಂದ ಕರೆಂಟ್ ಕೊಡಿ. ಕಾರ್ಡ್‌ಲೆಸ್ ಮೈಕು ಬಿಟ್ಟು ಬಿಟ್ಟು ಬಂದರೆ ಮೊದಲು ಸೆಲ್ ಬದಲಿಸಿ, ಆಮೇಲೆ ರಿಸೀವರ್ ಕಬ್ಬಿಣದ ಬೀರುವಿನ ಹಿಂದೆ ಕೂತಿದೆಯೇ ನೋಡಿ.

ಆನ್‌ಲೈನ್‌ನಲ್ಲೂ ಜನ ಸೇರುವ ಸಭೆಯಲ್ಲಿ ಪ್ರತಿಧ್ವನಿ ಬಂದರೆ ಹಾಲ್‌ನಲ್ಲಿ ಕೂತವರಲ್ಲೇ ಇನ್ನೊಬ್ಬರು ಮೊಬೈಲಿನಲ್ಲಿ ಅದೇ ಸಭೆಗೆ ಸೇರಿದ್ದಾರೆ ಎಂದರ್ಥ. ಮೈಕನ್ನು ಮ್ಯೂಟ್ ಮಾಡಿದರೆ ಸಾಲದು, ಅವರ ಫೋನಿನ ಸ್ಪೀಕರ್ ಕೂಡ ಬಂದ್ ಆಗಬೇಕು.

ಪ್ರೊಜೆಕ್ಟರಿನದು ಸಣ್ಣ ವಿಷಯ. ಪರದೆ ಖಾಲಿಯಿದ್ದರೆ ವಿಂಡೋಸ್ ಕೀ ಜೊತೆ ಪಿ ಒತ್ತಿ ಡೂಪ್ಲಿಕೇಟ್ ಆರಿಸಿ. ಕನ್ನಡ ಸ್ಲೈಡಿನಲ್ಲಿ ಅಕ್ಷರದ ಬದಲು ಇಂಗ್ಲಿಷಿನ ಚಿತ್ರವಿಚಿತ್ರ ಗುರುತು ಕಾಣಿಸಿದರೆ, ಯೂನಿಕೋಡ್ ಅಲ್ಲದ ಹಳೆಯ ನುಡಿ ಅಥವಾ ಬರಹ ಫಾಂಟಿನಲ್ಲಿ ಟೈಪ್ ಮಾಡಿದ್ದಾರೆ, ಆ ಫಾಂಟ್ ಈ ಲ್ಯಾಪ್‌ಟಾಪಿನಲ್ಲಿಲ್ಲ. ಹಿಂದಿನ ದಿನವೇ ಪಿಡಿಎಫ್ ಮಾಡಿ ಕಳಿಸಲು ಹೇಳುವುದೇ ಸುಲಭದ ದಾರಿ.

ಆಶುಭಾಷಣಕ್ಕೆ ಯಾರೂ ಏಳುವುದಿಲ್ಲ

ಕಾರಣ ಸಂಕೋಚ ಎಂದು ಷರಾ ಬರೆದು ಬಿಟ್ಟುಬಿಡುತ್ತಾರೆ. ಪ್ರಶ್ನೆಯನ್ನು ಪರೀಕ್ಷಿಸಿ. "ಬೆಂಗಳೂರಿನ ಟ್ರಾಫಿಕ್ ಸಮಸ್ಯೆಗೆ ಪರಿಹಾರವೇನು?" ಎಂದರೆ ಎದ್ದವರು ತಜ್ಞರಾಗಬೇಕು, ಎದ್ದು ಏನೋ ಹೇಳಿದರೂ ಆರೂ ಜನರದು ಒಂದೇ ಮಾತು. "ಸಿಗ್ನಲ್‌ನಲ್ಲಿ ನಿಂತಾಗ ಪಕ್ಕದ ಗಾಡಿಯವರನ್ನು ನೋಡಿ ಏನು ಅಂದುಕೊಳ್ಳುತ್ತೀರಿ?" ಎಂದರೆ ಎಲ್ಲರ ಬಳಿಯೂ ಉತ್ತರವಿದೆ, ಒಬ್ಬರದು ಇನ್ನೊಬ್ಬರಂತಿಲ್ಲ. ಓದಿ, ನೆನಪಿಟ್ಟು ಉತ್ತರಿಸಬೇಕಾದ ಪ್ರಶ್ನೆ, ಒಳಗೆ ಇನ್ನೊಂದು ಪ್ರಶ್ನೆ ಅಡಗಿರುವ ಪ್ರಶ್ನೆ, ಹೌದು-ಇಲ್ಲದಲ್ಲಿ ಮುಗಿಯುವ ಪ್ರಶ್ನೆ ಇವನ್ನು ಕೈಬಿಡಿ. ಒಂದೇ ಉಸಿರಿನಲ್ಲಿ ಕೇಳಲು ಬಾರದ ಪ್ರಶ್ನೆಯೂ ಬೇಡ.

ಕೇಳುವ ಕ್ರಮವೂ ಮುಖ್ಯ. ಮೊದಲು ಪ್ರಶ್ನೆ, ಒಂದು ಕ್ಷಣ ಮೌನ, ಆಮೇಲೆ ಹೆಸರು, ಅವರು ನಡೆದು ಬರುತ್ತಿರುವಾಗ ಪ್ರಶ್ನೆ ಮತ್ತೊಮ್ಮೆ. ಹೆಸರನ್ನೇ ಮೊದಲು ಕರೆದರೆ ಮಿಕ್ಕವರು "ಬಚಾವ್" ಎಂದು ಯೋಚಿಸುವುದನ್ನು ನಿಲ್ಲಿಸುತ್ತಾರೆ. ಮೊದಲಿಗೆ ಹಳೆಯ ಸದಸ್ಯರೊಬ್ಬರು, ಆಮೇಲೆ ಅತಿಥಿಗಳು. ಅತಿಥಿಯನ್ನು ಬಾಗಿಲಲ್ಲೇ ಕೇಳಿಟ್ಟುಕೊಂಡಿರಬೇಕು: "ಇವತ್ತು ಎರಡು ನಿಮಿಷ ಮಾತಾಡ್ತೀರಾ ಮೇಡಂ? ಇಷ್ಟ ಇಲ್ಲದಿದ್ದರೆ ಕೂತು ಕೇಳಿ, ಯಾರೂ ಕರೆಯಲ್ಲ." ಹಾಗೆ ಹೇಳಿದ ಮೇಲೆ ಕರೆಯಲೇಬಾರದು.

ಆ-ಕೌಂಟರ್ ವರದಿಗೆ ಬೆಲೆಯಿಲ್ಲ

ಇಂಗ್ಲಿಷ್ ಸಭೆಯ ಪಟ್ಟಿಯನ್ನೇ ಕನ್ನಡಕ್ಕೆ ಹಿಡಿದರೆ ಲೆಕ್ಕ ತಪ್ಪುತ್ತದೆ. "ಆ ಮನೆ", "ಆ ಹುಡುಗಿ" ಎಂಬಲ್ಲಿನ "ಆ" ನಮ್ಮ ಭಾಷೆಯ ಪೂರ್ಣ ಪದ. ಅದನ್ನೂ ಎಣಿಸಿ ಒಬ್ಬರ ತಲೆಗೆ 19 ಹೊರಿಸಿದರೆ ಅವರು ಸುಮ್ಮನಿದ್ದಾರೆಯೇ? ಎಳೆದು, ಬೆನ್ನಿಗೇ ನಾಮಪದ ಬಾರದೆ ನಿಂತ "ಆಆ" ಮಾತ್ರ ಲೆಕ್ಕಕ್ಕೆ. "ಅಂದ್ರೆ" ಬಂದು ನಿಜಕ್ಕೂ ಅರ್ಥ ಬಿಡಿಸಿದರೆ ಬಿಟ್ಟುಬಿಡಿ, ಸುಮ್ಮನೆ ಬಂದರೆ ಎಣಿಸಿ. "ಏನಪ್ಪಾ ಅಂದ್ರೆ", "ಅಂತ ಹೇಳ್ಬಿಟ್ಟು", "ಒಂಥರಾ", "ಸೋ", "ಬೇಸಿಕಲಿ", "ಆಕ್ಚುಲಿ" ಇವೆಲ್ಲ ಸೇರಿದ ಪಟ್ಟಿಯೊಂದನ್ನು ಕ್ಲಬ್ಬೇ ಮಾಡಿಟ್ಟುಕೊಳ್ಳಲಿ.

ಬರೀ ಸಂಖ್ಯೆ ಓದಿದರೂ ಪ್ರಯೋಜನವಿಲ್ಲ, ಎಲ್ಲಿ ಬಂದವು ಎಂಬುದರಲ್ಲಿ ರೋಗನಿರ್ಣಯವಿದೆ. ಮೊದಲ ಅರ್ಧ ನಿಮಿಷದಲ್ಲೇ ಗುಂಪಾಗಿದ್ದರೆ ಅಳುಕು. ಮೊದಲ ಮೂರು ವಾಕ್ಯ ಬಾಯಿಪಾಠ ಮಾಡಿದರೆ ಹೋಗುತ್ತದೆ. ಒಂದು ವಿಷಯದಿಂದ ಇನ್ನೊಂದಕ್ಕೆ ದಾಟುವ ಕಡೆಗಳಲ್ಲಿ ಬಂದರೆ ಕೊಂಡಿಗಳನ್ನು ಯೋಚಿಸಿಕೊಂಡಿಲ್ಲ. ಉದ್ದಕ್ಕೂ ಸಮವಾಗಿ ಹರಡಿದ್ದರೆ ವೇಗ ಜಾಸ್ತಿಯಾಗಿದೆ, ಉಸಿರು ತೆಗೆದುಕೊಳ್ಳುವ ಜಾಗದಲ್ಲಿ ಪದ ತುರುಕುತ್ತಿದ್ದಾರೆ.

"ತುಂಬಾ ಚೆನ್ನಾಗಿತ್ತು" ಎಂಬ ಮೌಲ್ಯಮಾಪನ

ಕ್ಲಬ್ಬನ್ನು ಒಳಗಿನಿಂದ ಕೊಲ್ಲುವ ದೋಷ ಇದೇ, ನಮ್ಮ ಅಭಿಪ್ರಾಯದಲ್ಲಿ ಉಳಿದೆಲ್ಲಕ್ಕಿಂತ ದೊಡ್ಡದು. ಹೊತ್ತು ಮೀರಿದ ಸಭೆಗೂ ಜನ ಮತ್ತೆ ಬರುತ್ತಾರೆ. ಆರು ತಿಂಗಳಾದರೂ ತನ್ನ ಮಾತು ಸುಧಾರಿಸದ ಕಡೆಗೆ ಬರುವುದಿಲ್ಲ. ಎದುರಿಗಿರುವವರು ನಿವೃತ್ತ ಮೇಷ್ಟ್ರು, ಮೌಲ್ಯಮಾಪನ ಮಾಡುವ ಹುಡುಗನಿಗೆ ಇಪ್ಪತ್ತನಾಲ್ಕು. ಹಿರಿಯರಿಗೆ ಹೇಗೆ ತಪ್ಪು ತೋರಿಸುವುದು ಎಂಬ ಮುಲಾಜು ಸಹಜವೇ. ಅದಕ್ಕೆ ಧೈರ್ಯ ತುಂಬಿದರೆ ಸಾಲದು, ವಿಧಾನ ಕೊಡಬೇಕು.

ಸಭೆಗೆ ಮುಂಚೆ ಮೌಲ್ಯಮಾಪಕರು ಐದು ನಿಮಿಷ ಭಾಷಣಕಾರರ ಜೊತೆ ಕೂತು, "ಸರ್, ಇವತ್ತು ನಾನು ಯಾವುದನ್ನು ಗಮನಿಸಲಿ?" ಎಂದು ಕೇಳಲಿ. ಅವರೇ ಗಮನಿಸು ಎಂದದ್ದರಲ್ಲಿ ತಪ್ಪು ತೋರಿಸುವಾಗ ಮುಲಾಜು ಅರ್ಧ ಕರಗುತ್ತದೆ. ಆಮೇಲೆ ಹೇಳುವ ಪ್ರತಿಯೊಂದರಲ್ಲೂ ಮೂರು ಇರಬೇಕು: ಯಾವ ಕ್ಷಣ, ಕೇಳುವವರಿಗೆ ಏನಾಯಿತು, ಬೇರೆ ಹೇಗೆ ಮಾಡಬಹುದು. "ಸರ್, ತಾಯಿ ಊರು ಬಿಟ್ಟ ಭಾಗ ಹೇಳುವಾಗ ನೀವು ಚೀಟಿ ನೋಡಿದಿರಿ. ಅಲ್ಲಿಯವರೆಗೆ ನಿಮ್ಮ ಜೊತೆ ಬಸ್ಸಿನಲ್ಲಿದ್ದ ನಾನು ಹಾಲ್‌ಗೆ ವಾಪಸ್ ಬಂದೆ. ಆ ನಾಲ್ಕು ವಾಕ್ಯ ಚೀಟಿಯಿಲ್ಲದೆ ಹೇಳಿ ನೋಡಿ." ಇದರಲ್ಲಿ ಅಗೌರವ ಎಲ್ಲಿದೆ? ಮೆಚ್ಚುಗೆಗೂ ಇದೇ ಅಳತೆ. ಯಾವ ಕ್ಷಣ ಎಂದು ಹೇಳಲಾಗದ ಹೊಗಳಿಕೆ ಲೆಕ್ಕಕ್ಕಿಲ್ಲ. ಮೂರು ನಿಮಿಷಕ್ಕೆ ಎರಡು ಮೆಚ್ಚುಗೆ, ಒಂದು ತಿದ್ದುಪಡಿ. ಏಳು ತಿದ್ದುಪಡಿ ಪಟ್ಟಿ ಮಾಡುವ ಮಹಾನುಭಾವರೂ ಇದ್ದಾರೆ. ಅವರಿಗೆ ಉಳಿದ ಆರನ್ನು ಚೀಟಿಯಲ್ಲಿ ಬರೆದು ಕೈಗೆ ಕೊಡಲು ಹೇಳಿ.

ಅತಿಥಿಗಳು ಎರಡನೇ ಸಲ ಬರುವುದಿಲ್ಲ

ಅವರು ಎದ್ದು ಹೋದ ಹೊತ್ತನ್ನು ಗುರುತು ಹಾಕಿಕೊಳ್ಳಿ. ನಡುವೆ ಹೋದವರಿಗೆ ಸಭೆ ಬೇಸರ ತಂದಿದೆ, ಅಥವಾ ಭಾಷೆ ಹೊಂದಿಲ್ಲ: ಕನ್ನಡ ಎಂದು ಕರೆದು ಮುಕ್ಕಾಲು ಪಾಲು ಇಂಗ್ಲಿಷ್ ಮಾತಾಡುವ ಕ್ಲಬ್ಬು, ಅಥವಾ ಅದರ ತಿರುಗುಮುರುಗು. ಎರಡೂ ಭಾಷೆ ನಡೆಯುವುದಾದರೆ ಆಹ್ವಾನದಲ್ಲೇ ಹಾಗೆ ಬರೆಯಿರಿ. ಕೊನೆಯವರೆಗೆ ಕೂತು, ನಗುತ್ತ ಹೋಗಿ, ಮತ್ತೆ ಬಾರದವರ ಕಥೆ ಬೇರೆ. ಸಭೆ ಮುಗಿದ ಮೇಲೆ ಸದಸ್ಯರೆಲ್ಲ ಗುಂಪುಕಟ್ಟಿ ಬೈ-ಟು ಕಾಫಿಗೆ ಹೊರಟರು, ಅವರನ್ನು ಯಾರೂ ಕರೆಯಲಿಲ್ಲ. ಪ್ರತಿ ಅತಿಥಿಗೂ ಒಬ್ಬ ಸದಸ್ಯರ ಜೋಡಿ ಇರಲಿ. ಅವರೇ ಪಕ್ಕದಲ್ಲಿ ಕೂತು, ಅವರೇ ಕಾಫಿಗೆ ಕರೆದು, ಎರಡು ದಿನದೊಳಗೆ ಅವರೇ ಫೋನ್ ಮಾಡಬೇಕು. ಶುಲ್ಕದ ಮಾತು ಕೇಳಿದರೆ ಮಾತ್ರ.

ಕರೆಂಟು, ಮಳೆ

ಕರೆಂಟ್ ಹೋದರೆ ಬೆಸ್ಕಾಂ ಸಹಾಯವಾಣಿ 1912ಕ್ಕೆ ಒಬ್ಬರು ಫೋನ್ ಮಾಡಲಿ, ಸಭೆ ನಿಲ್ಲಿಸಬೇಡಿ. ಕಾರ್ಡು, ಕೈಗಡಿಯಾರಕ್ಕೆ ಕರೆಂಟ್ ಬೇಕಿಲ್ಲ. ಸಂಜೆ ಸಭೆಯಾದರೆ ಒಂದು ಚಾರ್ಜಬಲ್ ಲೈಟು ಭಾಷಣಕಾರರ ಮುಖಕ್ಕೆ ಬೀಳುವಂತೆ ಇಡಿ, ಸಭಿಕರ ಕಡೆ ಕತ್ತಲಿದ್ದರೂ ನಡೆಯುತ್ತದೆ. ಮೇ ತಿಂಗಳಲ್ಲೂ ಸೆಪ್ಟೆಂಬರ್-ಅಕ್ಟೋಬರ್‌ನಲ್ಲೂ ಸಂಜೆ ಮಳೆ ಸುರಿದರೆ ಶೀಟಿನ ಸೂರಿನ ಹಾಲ್‌ನಲ್ಲಿ ಯಾವ ಮೈಕೂ ಗೆಲ್ಲದು. ಅಂಥ ಹೊತ್ತಿಗೆ ಕುರ್ಚಿಗಳನ್ನು ಒಂದು ಮೂಲೆಗೆ ವೃತ್ತವಾಗಿ ಎಳೆದುಕೊಂಡು, ಚೀಟಿಯಲ್ಲಿ ಅಭಿಪ್ರಾಯ ಬರೆಯುವ ಕೆಲಸವನ್ನು ಮುಂದಕ್ಕೆ ತಂದು, ಸದ್ದು ಇಳಿದ ಮೇಲೆ ಉಳಿದ ಭಾಷಣಕ್ಕೆ ಟೈಮರ್ ಗಡಿಯಾರವನ್ನು ಸೊನ್ನೆಯಿಂದ ಶುರು ಮಾಡಲಿ.